ಅಪ್ಪ ಬಿಗಿದ ಕೆಂಪು ಬೋಲ್ಟು

"ಇದು ಜೀಪೋ, ಕುಡಿದು ಮನೆಗೆ ಹೊರಟ ಗಂಡಸೋ?" ಎನ್ನುತ್ತಾ ಪರೀಕ್ಷಕ ಕೆಳಗಿಳಿದು ಬಾಗಿಲು ದಬಾರನೆ ಹಾಕಿದ. "ಆಕ್ಸಿಲೇಟರ್ ಒತ್ತಿದ್ರೆ ಎಡಕ್ಕೆ, ಬಿಟ್ರೆ ಬಲಕ್ಕೆ. ಇದನ್ನ ಗುಡ್ಡ ಹತ್ತೋಕೆ ಬಿಡಲ್ಲ. ಓಟ ಶುರುವಾಗೋದ್ರೊಳಗೆ ಸರಿ ಮಾಡ್ಕೊಂಡು ಬನ್ನಿ. ನಿಯಮ ಗೊತ್ತಲ್ಲ? ಮರುಪರೀಕ್ಷೆಗೆ ರಿಪೇರಿ ಮಾಡಿದೋನೇ ಪಕ್ಕದಲ್ಲಿ ಕೂತು ಬರಬೇಕು."

ಮೆಣಸಿನಕಾಯಿಗೆ ಮೈಯೆಲ್ಲ ಉರಿಯಿತು. ಜೀಪು ರಿಪೇರಿಯಲ್ಲಿ ಎತ್ತಿದ ಕೈ ಅವನದು. ಬಾಯಿ ಮಾತ್ರ ಬಲು ಖಾರ, ಅದಕ್ಕೇ ಗಿರಾಕಿಗಳು ಆ ಹೆಸರು ಇಟ್ಟಿದ್ದರು. ಜೀಪು ಓಡಿಸುವವಳು ಅವನ ತಂಗಿ. ಗುಡ್ಡದ ಓಟಕ್ಕೆ ಹೆಸರು ಕೊಡಬೇಕೆಂದು ವರ್ಷಗಟ್ಟಲೆ ಹಂಬಲಿಸಿ ಈ ಸಲ ಕೊಟ್ಟೇಬಿಟ್ಟಿದ್ದಳು. ಹೆಲ್ಮೆಟ್ಟನ್ನು ಕೂಸಿನಂತೆ ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದಳು.

"ಹಿಂದೆ ನೋಡು ಅಂತ ಬಡ್ಕೊಂಡೆ ಅಣ್ಣ. ಸ್ಟಿಯರಿಂಗ್ ಅಲ್ಲಾಡೋಕೆ ಮುಂಚೆ ನನ್ನ ಸೊಂಟಕ್ಕೆ ಗೊತ್ತಾಗುತ್ತೆ, ಯಾರೋ ಹಿಂದಿನಿಂದ ತಳ್ಳಿದ ಹಾಗೆ."

"ನಿನ್ನ ಸೊಂಟ ಏನು ತಕ್ಕಡೀನಾ? ಹಿಂದುಗಡೆ ಅಪ್ಪ ಬಿಗಿದದ್ದು. ಅಪ್ಪ ಬಿಗಿದದ್ದು ಸಡಿಲ ಆಗಲ್ಲ. ಮುಚ್ಕೊಂಡು ಜಾಕಿ ಕೊಡು!"

ಅಪ್ಪ ಅಲ್ಲೇ ಮಡಿಚುವ ಕುರ್ಚಿಯಲ್ಲಿ ಕೂತು ಕಡಲೇಕಾಯಿ ಸುಲಿಯುತ್ತಿದ್ದರು. ಹಿಂದಿನ ಸ್ಪ್ರಿಂಗಿನ ಉಕ್ಕಿನ ಪಟ್ಟಿಗಳನ್ನು, ಎರಡು ಚಕ್ರ ಜೋಡಿಸುವ ಆಕ್ಸಲ್ಲಿಗೆ ಕಟ್ಟಿದ ಬೋಲ್ಟುಗಳಿಗೆ ಒಂದು ಕಾಲದಲ್ಲಿ ಅವರೇ ಕೆಂಪು ಬಣ್ಣ ಬಳಿದಿದ್ದರು. "ಈ ಕೆಂಪು ಮುಟ್ಟಿದ್ರೆ ಕೈ ಮುರೀತೀನಿ" ಎಂದಿದ್ದರು. ಜಗತ್ತಿನಲ್ಲಿ ಯಾರ ಮಾತೂ ಕೇಳದ ಮೆಣಸಿನಕಾಯಿ ಆ ಒಂದು ಮಾತನ್ನು ಮಾತ್ರ ಮೀರಿರಲಿಲ್ಲ.

ಅವನು ಮತ್ತೆ ಮುಂಭಾಗಕ್ಕೇ ಬಿದ್ದ. ಚಕ್ರ ಎತ್ತಿ ಅಲ್ಲಾಡಿಸಿದ, ಬೇರಿಂಗ್ ನೋಡಿದ, ಸ್ಟಿಯರಿಂಗಿನ ಕೀಲುಗಳನ್ನು ಒಂದೊಂದಾಗಿ ಹಿಡಿದು ಜಗ್ಗಿದ. ಎಲ್ಲ ಗಟ್ಟಿ. ಅತ್ತ ಗುಡ್ಡದ ಬುಡದಲ್ಲಿ ಬೇರೆ ಜೀಪುಗಳು ಗುಟುರು ಹಾಕತೊಡಗಿದ್ದವು. ಅವನು ಸ್ಪಾನರನ್ನು ನೆಲಕ್ಕೆ ಅಪ್ಪಳಿಸಿದ.

ತಂಗಿ ಜಾಕಿ ಇಳಿಸಿ ಜೀಪು ಹತ್ತಿದಳು. ಗಾಡಿ ತೊಳೆದ ನೀರು ನಿಂತಿದ್ದ ಗುಂಡಿಯಲ್ಲಿ ಹಾಯಿಸಿ, ಒಣಗಿದ ಸಿಮೆಂಟು ಅಂಗಳದ ಮೇಲೆ ಜೋರಾಗಿ ಓಡಿಸಿದಳು.

"ಅಣ್ಣ, ಬೈಯೋದು ಆಮೇಲೆ! ನೆಲ ನೋಡು!"

ಅವನು ನೋಡಿದ. ಹಿಂದಿನ ಚಕ್ರ ಮುಂದಿನ ಚಕ್ರದ ಗೆರೆಯಲ್ಲೇ ಬರಬೇಕು. ಇಲ್ಲಿ ಬಲಕ್ಕೆ ಸರಿದು ತನ್ನದೇ ಒದ್ದೆ ಗೆರೆ ಎಳೆದಿತ್ತು. ಅವಳು ಆಕ್ಸಿಲೇಟರ್ ಬಿಟ್ಟ ಜಾಗದಲ್ಲಿ ಎರಡು ಗೆರೆಗಳೂ ಮತ್ತೆ ಕೂಡಿಕೊಂಡಿದ್ದವು.

ಸಿಟ್ಟೆಲ್ಲ ಎಲ್ಲಿ ಹೋಯಿತೋ! "ಇನ್ನೊಂದ್ಸಲ!" ಎಂದು ಕೂಗುತ್ತ ಜೀಪಿನ ಹಿಂದೆ ಲುಂಗಿ ಎತ್ತಿಕಟ್ಟಿ ಓಡಿದ. "ಬೀದಿನಾಯಿ ಥರ ಓಡ್ತಿದೆ ಕಣೇ! ಮೂತಿ ಒಂದ್ಕಡೆ, ಬಾಲ ಒಂದ್ಕಡೆ! ಹಿಂದಿನ ಆಕ್ಸಲ್ಲೇ ಜಾರ್ತಿದೆ! ಸಿಕ್ಕಿಬಿತ್ತು ಕಳ್ಳ!"

ಹಿಂದಿನ ಎಡಚಕ್ರದ ಅಡಿಗೆ ನುಗ್ಗಿದ. ಪಟ್ಟಿಗಳ ನಡುವೆ ತೂರಿ ಆಕ್ಸಲ್ಲನ್ನು ಜಾಗದಲ್ಲಿ ಹಿಡಿದಿಡುವ ಸೆಂಟರ್ ಬೋಲ್ಟು ತುಂಡಾಗಿತ್ತು. ಕೆಂಪು ಬೋಲ್ಟುಗಳು ಸಡಿಲವಾಗಿದ್ದವು. ಆಕ್ಸಲ್ ಹಿಂದೆ ಮುಂದೆ ಉಜ್ಜಿದ ಕಡೆ ಲೋಹ ಬೆಳ್ಳಿಯಂತೆ ಹೊಳೆಯುತ್ತಿತ್ತು. ಸ್ಪಾನರ್ ಕೆಂಪು ಬೋಲ್ಟಿನ ತನಕ ಹೋಗಿ ನಿಂತುಬಿಟ್ಟಿತು.

"ಅಪ್ಪಾ..."

"ಏನೋ?"

"ಕೆಂಪು ಬಿಚ್ಚಬೇಕು."

"ಬಿಚ್ಚು. ಅದಕ್ಕೆ ಮುಹೂರ್ತ ಇಡಬೇಕಾ?"

"ನೀವೇ ಅಲ್ವಾ ಮುಟ್ಟಬೇಡ ಅಂದಿದ್ದು?"

ಅಪ್ಪನ ಕೈಯಲ್ಲಿದ್ದ ಕಡಲೇಕಾಯಿ ಉದುರಿತು. "ಅಯ್ಯೋ ದಡ್ಡ ಶಿಖಾಮಣಿ! ಅದು ನೀನು ಚಡ್ಡಿ ಹಾಕ್ತಿದ್ದಾಗ ಹೇಳಿದ್ದು, ಬೆರಳು ಜಜ್ಜಿಕೊಳ್ತೀಯ ಅಂತ! ಈಗ ಮೀಸೆ ನರೆತಿದೆಯಲ್ಲೋ! ಇಷ್ಟು ವರ್ಷ ಒಂದು ಸಲನೂ ಬಿಗಿ ನೋಡಿಲ್ವಾ?"

ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಬೋಲ್ಟು ಸಡಿಲ ಆದ್ರೂ ನಿಮ್ಮ ಬೈಗುಳ ಸಡಿಲ ಆಗಿಲ್ಲ ಅಪ್ಪ!"

"ಹಲ್ಲು ಕಿರಿಯೋದು ಸಾಕು, ಹೊಸ ಸೆಂಟರ್ ಬೋಲ್ಟು ತಾ!" ಎಂದು ಮೆಣಸಿನಕಾಯಿ ಗುಡುಗಿದರೂ ಅವನಿಗೂ ನಗು ತಡೆಯಲಾಗಲಿಲ್ಲ. ಜೀಪಿನ ಚೌಕಟ್ಟಿಗೆ ಆಸರೆ ಕೊಟ್ಟು, ಕೆಂಪು ಬೋಲ್ಟು ಬಿಚ್ಚಿ, ಪಟ್ಟಿಗಳನ್ನು ಒತ್ತಿ ಹಿಡಿದು ಹೊಸ ಬೋಲ್ಟು ತೂರಿಸಿದ. ಅದರ ತಲೆ ಆಕ್ಸಲ್ಲಿನ ಕುಳಿಯಲ್ಲಿ ಟಕ್ ಎಂದು ಕೂತಿತು. ಆ ಸದ್ದಿಗೆ ಅಪ್ಪ ಕುರ್ಚಿ ಬಿಟ್ಟು ಎದ್ದರು. "ಬಿಗಿ, ಬಿಗಿ, ಇನ್ನೂ ಕಾಲು ಸುತ್ತು! ಆ ಕಡೆದೂ ನೋಡು!"

ಮರುಪರೀಕ್ಷೆಗೆ ಕರೆ ಬಂತು. ಸ್ಟಿಯರಿಂಗ್ ತನ್ನ ಕೈಯಲ್ಲಿಲ್ಲದೆ ಮೆಣಸಿನಕಾಯಿ ಯಾವ ಗಾಡಿಯಲ್ಲೂ ಕೂತವನಲ್ಲ. ತಂಗಿಯ ಪಕ್ಕ ಕೂತು, ಪರೀಕ್ಷೆಯ ದಾರಿಯ ಇಳಿಜಾರು ಕಂಡದ್ದೇ ಎರಡೂ ಕೈಯಲ್ಲಿ ಹಿಡಿಕೆ ಹಿಡಿದ.

"ನಿಧಾನ ಕಣೇ!"

"ನಿನ್ನ ಕೆಲಸದ ಮೇಲೆ ನಿನಗೇ ನಂಬಿಕೆ ಇಲ್ವಾ?"

ಅವಳು ಒತ್ತಿದಳು. ಜೀಪು ದಾರದ ಮೇಲೆ ಹೋದಂತೆ ಹೋಯಿತು. ಬಿಟ್ಟಳು. ಆಗಲೂ ಅದೇ ದಾರ. ಪರೀಕ್ಷಕ ನೆಲದ ಗೆರೆ ನೋಡಿ ಬಾನೆಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ. "ಹೋಗಮ್ಮ. ಏ ರಿಪೇರಿ, ನೀನು ಇಳಿ."

ಮೆಣಸಿನಕಾಯಿ ಇಳಿಯಲಿಲ್ಲ. "ಓಟದಲ್ಲಿ ಪಕ್ಕದಲ್ಲಿ ಒಬ್ಬರು ಕೂರಬಹುದಾ?"

"ಕೂರಬಹುದು, ಹೆಲ್ಮೆಟ್ ಇದ್ರೆ."

"ಬಾಯಿಗೆ ಬೀಗ ಇದ್ರೆ," ಎಂದಳು ತಂಗಿ.

ಎಲ್ಲಿಂದಲೋ ಒಂದು ಹೆಲ್ಮೆಟ್ ಬಂತು. ಅಪ್ಪ ಕುರ್ಚಿಯ ಮೇಲೇ ಹತ್ತಿ ನಿಂತು ಟವೆಲ್ ಬೀಸಿದರು. ಬಾವುಟ ಬಿತ್ತು, ಜೀಪು ನೆಗೆಯಿತು, ಮಣ್ಣು ಹಾರಿತು. ಮೊದಲ ತಿರುವಿನ ತನಕ ಮೆಣಸಿನಕಾಯಿ ಬಾಯಿಯ ಬೀಗ ತೆಗೆಯಲಿಲ್ಲ. ಆಮೇಲೆ ಗಂಟಲು ಹರಿಯುವಂತೆ ಬೈದ, ಮುಂದೆ ಅಡ್ಡವಾಗಿದ್ದ ಜೀಪಿಗೆ.