ಮೂಲೆಯ ಕಪಾಟಿಗೆ ತಿರುಗುವ ತಟ್ಟೆ

ಹೆಂಡತಿಯ ತೋಳಿನ ಉದ್ದ ಟೈಲರ್‌ಗೆ ಬಾಯಿಪಾಠವಾಗಿತ್ತು. ಅಡುಗೆಮನೆಯ ಕಟ್ಟೆ ತಿರುಗುವ ಮೂಲೆಯಲ್ಲಿ, ಕೆಳಗಿದ್ದ ಕಪಾಟಿನ ಆಳವನ್ನೂ ಅವನು ಟೇಪು ಹಿಡಿದು ಅಳೆದ. ತೋಳಿಗಿಂತ ಕಪಾಟು ಒಂದು ಗೇಣು ಹೆಚ್ಚಿತ್ತು. ಎಲ್ಲ ಅರ್ಥವಾದ ಹಾಗಾಯಿತು.

ಬೆಳಿಗ್ಗೆ ಅವನು ಹೊರಡುವ ಹೊತ್ತಿಗೆ ಅವಳು ಆ ಕಪಾಟಿನ ಮುಂದೆ ಮೊಣಕಾಲೂರಿ, ಭುಜದವರೆಗೂ ಕೈ ಒಳಗಿಟ್ಟು ಕೂತಿರುತ್ತಿದ್ದಳು. ಹೊರಗೆ ಬರುವ ಕೈ ಬರಿದಾಗಿರುತ್ತಿತ್ತು. ಪಾಪ, ಪಾತ್ರೆ ಎಟುಕುತ್ತಿಲ್ಲ ಎಂದುಕೊಂಡ. ಮೊದಲಾದರೆ ಒಳಗೆ ನುಗ್ಗಿ ತೆಗೆದುಕೊಡಲು ಮಗಳಿದ್ದಳು. ಕಡ್ಡಿಯಂಥ ಹುಡುಗಿ, ಅದಕ್ಕೇ ಮನೆಯಲ್ಲಿ ಇಲಿಮರಿ ಎಂದೇ ಹೆಸರು. ಹೋದ ಚಳಿಗಾಲದಲ್ಲಿ ಬಂದ ಜ್ವರ ಅವಳನ್ನು ಕರೆದುಕೊಂಡೇ ಹೋಯಿತು. ಆಮೇಲೆ ಗಂಡಹೆಂಡಿರ ಮಾತು ಉಪ್ಪು, ಸೋಪು, ಬೀಗದ ಕೈಗೆ ಬಂದು ನಿಂತಿತ್ತು. ಏನಾದರೂ ಮಾಡಬೇಕು, ಏನು ಮಾಡುವುದು ಎಂದು ಒದ್ದಾಡುತ್ತಿದ್ದವನಿಗೆ ಈ ಒಂದು ಗೇಣು ಸಿಕ್ಕಿತು.

ಅವಳು ಮಾರುಕಟ್ಟೆಗೆ ಹೋಗಿದ್ದಾಗ ಮರಗೆಲಸದವನನ್ನು ಕರೆಸಿದ.

"ಇದೇನಣ್ಣ, ಮೂಲೆನಾ ಬಾವಿನಾ?" ಎಂದು ನಗುತ್ತ ಅವನು ನಡುವೆ ಕಂಬಿ ನಿಲ್ಲಿಸಿ, ಎರಡು ದುಂಡನೆಯ ತಟ್ಟೆ ಕೂರಿಸಿ, ಪಾತ್ರೆಗಳನ್ನು ಜೋಡಿಸಿದ. ಅವಳು ಬಂದಾಗ ಪಕ್ಕಕ್ಕೆ ಸರಿದು, "ತಿರುಗಿಸಿ ನೋಡಿ ಅಕ್ಕ" ಎಂದ.

ಅವಳು ಬೆರಳು ತಾಗಿಸಿದಳು. ಬಾಣಲೆ, ಜರಡಿ, ಮುಚ್ಚಳಗಳು ಒಂದರ ಹಿಂದೊಂದು ಮುಂದೆ ಬಂದು ಹೋದವು.

"ಎಲ್ಲಾ ಈಚೆಗೆ ಬರುತ್ತಾ?"

"ಎಲ್ಲಾ ಬರುತ್ತೆ ಅಕ್ಕ. ಒಳಗೆ ಏನೂ ಉಳಿಯಲ್ಲ."

ಅವಳು ಅಲ್ಲೇ ಕುಸಿದು ಕೂತಳು. ಮರಗೆಲಸದವನು ಗಾಬರಿಯಾಗಿ ಬಾಗಿಲಾಚೆ ಹೋಗಿ ನಿಂತ.

"ಏನಾಯ್ತೇ? ಪಾತ್ರೆ ಎಟುಕ್ತಿರ್ಲಿಲ್ಲ ಅಲ್ವಾ ನಿಂಗೆ?"

"ಪಾತ್ರೆ ಯಾರಿಗೆ ಬೇಕಿತ್ತು ರೀ?" ಅವಳು ತಟ್ಟೆಯನ್ನೇ ನೋಡುತ್ತಿದ್ದಳು. "ನೀವು ಅಂಗಡಿಗೆ ಹೋದ್ಮೇಲೆ ಇಲಿಮರೀನೂ ಇಲ್ಲಿ ಅಂಗಡಿ ತೆಗೀತಿದ್ಲು. ನಾನು ಹೊರಗಿಂದ ಕೈ ಚಾಚ್ಬೇಕು. ಮುಚ್ಚಳ ಕೇಳಿದ್ರೆ ಸೌಟು ಕೊಡೋಳು. ಇದಲ್ಲಮ್ಮ ಅಂದ್ರೆ, 'ಇನ್ನೂ ರೆಡಿ ಆಗಿಲ್ಲ, ನಾಳೆ ಬನ್ನಿ' ಅನ್ನೋಳು. ಥೇಟ್ ನಿಮ್ಮ ಹಾಗೇ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಅದಕ್ಕೇ ದಿನಾ ಬರ್ತೀನಿ."

ಟೈಲರ್ ತಟ್ಟೆಗಳ ಮೇಲಿನ ಪಾತ್ರೆಗಳನ್ನು ಒಂದೊಂದಾಗಿ ಕೆಳಗಿಳಿಸಿದ. ಆಮೇಲೆ ಬಾಗಿಲ ಕಡೆ ತಿರುಗಿ, "ಬಿಚ್ಚಿಬಿಡಪ್ಪ" ಎಂದ.

"ತೂತು ಹಾಗೇ ಉಳಿಯುತ್ತಣ್ಣ."

"ಉಳೀಲಿ."

ಮರಗೆಲಸದವನು ಹೋದ ಮೇಲೆ ಅವನು ಪಾತ್ರೆಗಳನ್ನು ಮತ್ತೆ ಒಳಗಿಟ್ಟು, ನೆಲದ ಮೇಲೆ ಬೋರಲು ಮಲಗಿ ಕಪಾಟಿನೊಳಗೆ ನುಗ್ಗಲು ನೋಡಿದ. ತಲೆಯೂ ಒಂದು ಭುಜವೂ ಹೋದವು, ಮಿಕ್ಕಿದ್ದೆಲ್ಲ ಹೊರಗೇ ಉಳಿಯಿತು. ಒಳಗೆ ಕತ್ತಲು, ಹಳೇ ಮರದ ವಾಸನೆ. ಇಷ್ಟು ಜಾಗದಲ್ಲಿ ಮಗು ಚಕ್ಕಳಮಕ್ಕಳ ಹಾಕಿ ಕೂರುತ್ತಿತ್ತು.

"ಕೈ ಚಾಚು" ಎಂದ.

ತುಸು ಹೊತ್ತಿನ ಮೇಲೆ ಅವಳ ಕೈ ಅವನ ಬೆನ್ನು ಸವರಿಕೊಂಡು ಒಳಗೆ ಬಂತು. ತಡಕಾಡಿ ಸಿಕ್ಕಿದ ಸೌಟನ್ನು ಅದರಲ್ಲಿಟ್ಟ. ಅವಳು ಸೌಟು ಬಿಟ್ಟು ಅವನ ಬೆರಳುಗಳನ್ನು ಹಿಡಿದುಕೊಂಡಳು, ಒಂದೊಂದನ್ನೇ ಮುಟ್ಟಿ ನೋಡಿದಳು.

"ನಿಮ್ಮ ಕೈ ದೊಡ್ಡದು ರೀ."

ಮಗಳು ಹೇಳುತ್ತಿದ್ದ ಹಾಗೇ ಹೇಳಲು ಅವನು ನೋಡಿದ. ಅಂಗಡಿಯಲ್ಲಿ ಗಿರಾಕಿಗಳಿಗೆ ಬೆಳಿಗ್ಗೆಯಿಂದ ಸಂಜೆಯವರೆಗೂ ಹೇಳುವ ಆ ಎರಡು ಮಾತು ಅವನ ಬಾಯಿಂದ ಹೊರಡಲೇ ಇಲ್ಲ.