ಒಂದು ಚೋಟು

ಮಗಳು ಹಿಂಕೋಣೆಯ ಬಾಗಿಲು ತಳ್ಳಿದಾಗ ಸೂಪರ್‌ವೈಸರ್ ಮಂಡಿಯೂರಿ ಅಪ್ಪನ ಸಾಮಾನಿನ ಪೆಟ್ಟಿಗೆಗೆ ಕೈ ಹಾಕಿದ್ದ. ನಡುಮನೆಯಲ್ಲಿ ಅಪ್ಪನನ್ನು ಮಲಗಿಸಿದ್ದರು. ಸ್ಮಶಾನಕ್ಕೆ ಒಯ್ಯುವ ಗಾಡಿ ಬರಲು ಇನ್ನೂ ಅರ್ಧ ಗಂಟೆಯಿತ್ತು.

“ಏನ್ ಹುಡುಕ್ತಿದ್ದೀರಿ ಸಾರ್?”

“ಏನಿಲ್ಲಮ್ಮ... ಫ್ಯಾಕ್ಟರಿ ಸ್ಯಾಂಪಲ್ ಒಂದು ಇಲ್ಲಿ ಉಳ್ಕೊಂಡಿತ್ತು.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಮುಖ ಹೀಗೇ ಇರುತ್ತದೆ. ಅವಳಿಗೆ ಮೈ ಉರಿಯಿತು.

ಅಪ್ಪ ಪ್ಲಾಸ್ಮಾ ಗನ್ನಿನವನು. ಲೋಹದ ಪುಡಿಯನ್ನು ಉರಿಯಲ್ಲಿ ಕರಗಿಸಿ, ಸವೆದ ಪಂಪಿನ ಶಾಫ್ಟುಗಳಿಗೆ ಹೊಸ ಲೇಪ ಕೊಡುವುದು ಅವನ ಮೂವತ್ತು ವರ್ಷದ ಕೆಲಸ. ಮೂರು ತಿಂಗಳ ಹಿಂದೆ ಒಂದು ಶಾಫ್ಟಿನ ಲೇಪ ಸಿಪ್ಪೆಯಂತೆ ಸುಲಿದು ಬಂತು. ಅವನನ್ನು ಗನ್ನಿನಿಂದ ಬಿಡಿಸಿ ಸ್ಟೋರಿಗೆ ಹಾಕಿದರು. “ಬೇಗ ಮುಗೀಲಿ ಅಂತ ಕರೆಂಟ್ ಏರಿಸಿದ್ದು ಯಾರೋ, ಹೆಸರು ಕೆಟ್ಟಿದ್ದು ನಂದು” ಎಂದು ಕೊರಗಿ ಕೊರಗಿಯೇ ಹೋದ. ಆ ‘ಯಾರೋ’ ಈ ಸೂಪರ್‌ವೈಸರೇ ಎಂದು ಮನೆಯವರಿಗೆಲ್ಲ ಗುಮಾನಿ. ಸತ್ಯ ಇವತ್ತು ಹೊರಬೀಳದಿದ್ದರೆ ಅಪ್ಪ ಕಳಂಕ ಹೊತ್ತೇ ಹೋಗುತ್ತಾನೆ.

* * *

ಅವಳು ಚಿಕ್ಕವಳಿದ್ದಾಗ ಅಪ್ಪ ಈ ಪೆಟ್ಟಿಗೆಯ ಮುಚ್ಚಳದ ಮೇಲೆ ಕೈಯಿಟ್ಟು, ಹೆಬ್ಬೆರಳು ತೋರುಬೆರಳು ಪೂರ್ತಿ ಅಗಲಿಸಿ, ಎರಡೂ ತುದಿಗೆ ಮೊಳೆಯಿಂದ ಗೀರೆಳೆದಿದ್ದ.

“ಒಂದು ಚೋಟು. ಗನ್ನು ಇಷ್ಟು ದೂರ ಇರ್ಬೇಕು. ಹತ್ರ ಹೋದ್ರೆ ಲೇಪ ಕಾದು ಬಿರಿಯುತ್ತೆ, ದೂರ ಹೋದ್ರೆ ಪುಡಿ ಆರಿ ಜೊಳ್ಳಾಗುತ್ತೆ.”

“ಸ್ಕೇಲ್ ಇಲ್ವಾ ಅಪ್ಪ?”

“ಸ್ಕೇಲ್ ಕಳೆದುಹೋಗುತ್ತೆ ಕಣೇ. ಕೈ ಎಲ್ಲಿಗೆ ಹೋಗುತ್ತೆ?”

ಪ್ರತಿ ಕೆಲಸದ ಜೊತೆ ಒಂದು ತಗಡಿನ ತುಂಡಿಗೂ ಲೇಪ ಹಾಕಿ, ಬೆನ್ನಿಗೆ ತಾರೀಖು, ಕರೆಂಟು, ದೂರದ ಲೆಕ್ಕ ಕೆತ್ತುತ್ತಿದ್ದ. ಬಗ್ಗಿಸಿದರೂ ಲೇಪ ಏಳಬಾರದು.

* * *

ಸೂಪರ್‌ವೈಸರನ ಜೇಬು ಉಬ್ಬಿತ್ತು. “ತೆಗೀರಿ” ಎಂದಳು. ಲೇಪ ಸುಲಿದ ಅದೇ ಶಾಫ್ಟಿನ ಜೊತೆಗಿನ ತಗಡಿನ ತುಂಡು, ಅದೇ ತಾರೀಖು. ಅವಳ ದನಿ ಕೇಳಿ ಚಿಕ್ಕಪ್ಪ ಒಳಗೆ ಬಂದ.

“ಕರೆಂಟ್ ಎಷ್ಟಿತ್ತು ಓದು. ಇವನ ಬಣ್ಣ ಬಯಲಾಗ್ಲಿ.”

ಅಪ್ಪನದೇ ಅಕ್ಷರ. “ಕರೆಂಟು ಐನೂರು. ಒಂದು ಚೋಟು.” ಪೆಟ್ಟಿಗೆಯಲ್ಲಿದ್ದ ಹಳೆಯ ತುಂಡುಗಳ ಬೆನ್ನಿಗೂ ಅದೇ ಐನೂರು. ಯಾರೂ ಏರಿಸಿರಲಿಲ್ಲ. ಅವಳು ಆ ತುಂಡನ್ನು ಇಕ್ಕಳದಲ್ಲಿ ಹಿಡಿದು ಬಗ್ಗಿಸಿದಳು. ಲೇಪ ಚಟ್ಟೆಂದು ಎದ್ದು ನೆಲಕ್ಕೆ ಬಿತ್ತು.

“ನಂಗೂ ಕೆಲಸ ಕಲಿಸಿದ್ದು ಅವರೇ” ಎಂದ ಸೂಪರ್‌ವೈಸರ್, ತಲೆಯೆತ್ತದೆ. “ತಪ್ಪು ನಿಮ್ದೇ ಅಂತ ಅವರಿಗೆ ಹೇಳೋಕೆ ಬಾಯಿ ಬರ್ಲಿಲ್ಲ. ಇದು ನಿಮ್ಮ ಕಣ್ಣಿಗೂ ಬೀಳೋದು ಬೇಡ ಅಂತ ಬಂದೆ. ಕೊನೇವರೆಗೂ ಅವರು ಕೈಯಲ್ಲೇ ದೂರ ಅಳೀತಿದ್ರು, ಸ್ಕೇಲ್ ಮುಟ್ಟಲಿಲ್ಲಮ್ಮ.”

“ಕಟ್ಟುಕತೆ!” ಎಂದ ಚಿಕ್ಕಪ್ಪ.

ಮಗಳು ಮುಚ್ಚಳ ಕಳಚಿಕೊಂಡು ನಡುಮನೆಗೆ ಹೋದಳು. ಅದನ್ನು ಅಪ್ಪನ ಬಲಗೈ ಕೆಳಗೆ ಸರಿಸಿ, ಹೆಬ್ಬೆರಳನ್ನು ಒಂದು ಗೀರಿನ ಮೇಲಿಟ್ಟು, ಗಂಟುಗಟ್ಟಿದ ತೋರುಬೆರಳನ್ನು ಇನ್ನೊಂದರ ಕಡೆ ಎಳೆದಳು.

“ಎಳೀಬೇಡ್ವೇ” ಎಂದಳು ತಲೆದೆಸೆಯಲ್ಲಿ ಕೂತಿದ್ದ ಅಮ್ಮ. “ವಾತ ಹಿಡಿದು ವರ್ಷವಾಯ್ತು. ಅದು ಅಷ್ಟೇ ಬಿಚ್ಚೋದು.”

ಬೆರಳ ತುದಿಗೂ ಆಚೆಯ ಗೀರಿಗೂ ನಡುವೆ ಜಾಗ ಉಳಿದಿತ್ತು. ಅವಳು ಅಲ್ಲಿ ತನ್ನ ಎರಡು ಬೆರಳು ಇಟ್ಟಳು. ಸರಿಯಾಗಿ ಹಿಡಿಸಿತು.