ಕಣ್ಣಳತೆಯ ಬಾಗಿಲು

ನಮ್ಮ ಯಜಮಾನರಿಗೆ ಎರಡು ಕನ್ನಡಕಗಳಿದ್ದವು. ದೂರದ್ದನ್ನು ಹಾಕಿಕೊಂಡು ಹತ್ತಿರದ್ದನ್ನು ಹುಡುಕುವುದು, ಹತ್ತಿರದ್ದು ಸಿಕ್ಕ ಮೇಲೆ ದೂರದ್ದು ಎಲ್ಲಿ ಹೋಯಿತೆಂದು ಹುಡುಕುವುದು, ಅರ್ಧ ದಿನ ಇದೇ ಕೆಲಸ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಅಂತಾರಲ್ಲ, ಹಾಗೆ ಹಣೆಯ ಮೇಲೆ ಒಂದನ್ನು ಏರಿಸಿಕೊಂಡೇ ಮನೆಯನ್ನೆಲ್ಲ ಜಾಲಾಡುವರು. ಬೈಸಿಕೊಳ್ಳುವವಳು ಮಾತ್ರ ನಾನು. ಒಂದು ದಿನ ದೂರದ ಕನ್ನಡಕ ಮರದ ಹೊಟ್ಟಿನ ಮೂಟೆಯೊಳಗೆ ಸಿಕ್ಕಿತು. ಅವತ್ತೇ ಅವರನ್ನು ಕನ್ನಡಕದ ಅಂಗಡಿಗೆ ಎಳೆದುಕೊಂಡು ಹೋದೆ.

ಅಂಗಡಿಯ ಹುಡುಗಿಗೆ ತಾಳ್ಮೆ ಬಹಳ. ಪ್ರೋಗ್ರೆಸಿವ್ ಲೆನ್ಸ್ ಹಾಕಿಸಿಕೊಂಡರೆ ಒಂದೇ ಗಾಜಿನಲ್ಲಿ ಮೂರೂ ಸಿಗುತ್ತವೆ, ಮೇಲುಗಡೆ ದೂರಕ್ಕೆ, ನಡುವೆ ಕೈ ಚಾಚಿದಷ್ಟಕ್ಕೆ, ಕೆಳಗೆ ಓದುವುದಕ್ಕೆ, ಮಧ್ಯೆ ಗೆರೆಯೇ ಇರುವುದಿಲ್ಲ ಎಂದಳು. ಇವರು ಬಡಗಿ. ಗೆರೆಯಿಲ್ಲ ಎಂದರೆ ನಂಬುವವರಲ್ಲ. ಗಾಜನ್ನು ಬೆಳಕಿಗೆ ಹಿಡಿದು ಸಂದು ಎಲ್ಲಿದೆ ಎಂದು ಎಷ್ಟೋ ಹೊತ್ತು ಹುಡುಕಿದರು.

ಆಮೇಲೆ ಫ್ರೇಮಿನ ರಾಮಾಯಣ. ಇವರಿಗೆ ಹುಬ್ಬಿನಷ್ಟೇ ಅಗಲದ ಗಿಡ್ಡ ಫ್ರೇಮು ಬೇಕು. ಅದರಲ್ಲಿ ಓದುವ ಭಾಗವೇ ಕತ್ತರಿಸಿ ಹೋಗುತ್ತದೆ, ಎತ್ತರದ್ದು ತೊಗೊಳ್ಳಿ ಎಂದು ಅವಳು. ಎತ್ತರದ್ದನ್ನು ಹಾಕಿಕೊಂಡು ಕನ್ನಡಿ ನೋಡಿದವರೇ, ಈ ವಯಸ್ಸಿನಲ್ಲಿ ನಿಮ್ಮಪ್ಪನ ಮುಖ ಹೊತ್ತು ತಿರುಗಬೇಕಾ ಎಂದು ನನ್ನ ಕಡೆ ತಿರುಗಿದರು. ಹೊತ್ತುಕೊಂಡೇ ತಿರುಗಾಡಿ, ಮುಖಕ್ಕೆ ಒಂದು ಕಳೆಯಾದರೂ ಬರುತ್ತದೆ ಎಂದೆ. ಅದೇ ಖಾಯಂ ಆಯಿತು.

ಕೊಡುವ ದಿನ ಹುಡುಗಿ ಬಿಡಿಸಿ ಹೇಳಿದಳು. ಪಕ್ಕಕ್ಕೆ ನೋಡಬೇಕಾದರೆ ಕಣ್ಣು ಹೊರಳಿಸಬೇಡಿ, ಮೂಗನ್ನೇ ತಿರುಗಿಸಿ. ಮೆಟ್ಟಿಲಿಳಿಯುವಾಗ ಗದ್ದ ತಗ್ಗಿಸಿ. ನೇರವಾದದ್ದು ಸ್ವಲ್ಪ ದಿನ ಬಾಗಿದ ಹಾಗೆ ಕಾಣುತ್ತದೆ, ಹೆದರಬೇಡಿ, ಹಳೆಯದಕ್ಕೆ ವಾಪಸ್ ಹೋಗಬೇಡಿ. ಇವರು ಅಷ್ಟೂ ಹೊತ್ತು ಅವಳ ಗಾಜಿನ ಬೀರುವಿನ ಕೀಲು ಸಡಿಲವಾಗಿದೆಯೆಂದು ಅದನ್ನು ಅಲ್ಲಾಡಿಸುತ್ತಿದ್ದರು. ದಾರಿಯಲ್ಲಿ ನಾನೇ ಮತ್ತೊಮ್ಮೆ ಎಲ್ಲ ಒಪ್ಪಿಸಿದೆ. ಬಾಗಿ ಕಾಣೋದೆಲ್ಲ ಬೇರೆಯವರಿಗೆ ಎಂದರು.

ಹಳೆಯ ಎರಡನ್ನೂ ನನ್ನ ಹೊಲಿಗೆ ಡಬ್ಬದಲ್ಲಿ ಬಚ್ಚಿಟ್ಟೆ. ಮೊದಲ ವಾರ ನೋಡುವ ಹಾಗಿತ್ತು. ಮೆಟ್ಟಿಲು ಮುಗಿದ ಮೇಲೂ ಹಳ್ಳ ದಾಟುವವರಂತೆ ಕಾಲೆತ್ತುವರು. ಪೇಪರು ಓದಲು ಗದ್ದ ಮೇಲೆ ಮಾಡಿ ಮೂಗಿನ ತುದಿಯಿಂದ ನೋಡುವರು. ಪಕ್ಕದ ಮನೆಯಾಕೆ ನನ್ನನ್ನು ಕರೆದು, ನಿಮ್ಮವರಿಗೆ ಈಚೆಗೆ ಸ್ವಲ್ಪ ಜಂಬ ಬಂದಿದೆಯಾ ಎಂದು ಕೇಳಿದಳು. ಈಚೆಗಲ್ಲ ಎಂದೆ.

ಇಷ್ಟರಲ್ಲೇ ಮುಗಿದಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ನಮ್ಮ ಮನೆಯ ಕೆಳಗೇ ಕೆಲಸದ ಶೆಡ್ಡು. ಇವರು ಮತ್ತು ಮಗಳು ಮರದ ಕೆಲಸ ಮಾಡುತ್ತಾರೆ, ಪಾಲಿಶ್ ನನ್ನದು. ಅಲ್ಲಿ ಒಂದು ಪದ್ಧತಿಯಿದೆ. ಮುಗಿದ ಸಾಮಾನನ್ನು ಕಿಟಕಿಯ ಕೆಳಗೆ ಎರಡು ಸ್ಟ್ಯಾಂಡಿನ ಮೇಲಿಡಬೇಕು. ಇವರು ಬಗ್ಗಿ, ಎಡಗಣ್ಣು ಮುಚ್ಚಿ, ಅಂಚಿನುದ್ದಕ್ಕೂ ನೋಡಿ "ಕಳಿಸು" ಎನ್ನಬೇಕು. ಅಳತೆಪಟ್ಟಿಯಿಲ್ಲ, ರಸಮಟ್ಟವಿಲ್ಲ, ಬರೀ ಕಣ್ಣಳತೆ. ಆ ಮಾತು ಬಿದ್ದ ಮೇಲೆ ಶೆಡ್ಡಿನಲ್ಲಿ ಯಾರೂ ಬಾಯಿ ತೆರೆಯುವಂತಿಲ್ಲ. ನಮ್ಮ ಮಾವನವರು ಹಾಸಿಗೆ ಹಿಡಿಯುವ ತನಕ ಆ ಮಾತನ್ನು ಇವರಿಗೆ ಬಿಟ್ಟುಕೊಟ್ಟಿರಲಿಲ್ಲ. ಇವರೂ ಮಗಳಿಗೆ ಬಿಟ್ಟಿರಲಿಲ್ಲ. ಅವಳ ಕೈ ಪಳಗಿ ಎಷ್ಟೋ ಕಾಲವಾಗಿತ್ತು. ಒಮ್ಮೆ ಬಾಯಿಬಿಟ್ಟು ಕೇಳಿಯೂ ಇದ್ದಳು. ಕಣ್ಣು ಇನ್ನೂ ಬಲಿಯಬೇಕು ಎಂದಿದ್ದರು. ಅವಳು ಮತ್ತೆ ಕೇಳಲಿಲ್ಲ, ಆದರೆ ಇವರು ಬಗ್ಗಿದಾಗಲೆಲ್ಲ ತಾನೂ ಎಡಗಣ್ಣು ಕಿರಿದು ಮಾಡುತ್ತಿದ್ದಳು. ಅದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು.

ಆ ವಾರವೇ ಬೇಕರಿಯಾಕೆ ನಮ್ಮಲ್ಲಿ ಮಾಡಿಸುತ್ತಿದ್ದ ಬಾಗಿಲು ಮುಗಿಯಿತು. ಒಲೆಯ ಕೋಣೆಗೂ ಅಂಗಡಿಗೂ ನಡುವಿನದು, ಪೂರ್ತಿ ಮಗಳದೇ ಕೆಲಸ. ಇವರು ಹೊಸ ಕನ್ನಡಕದಲ್ಲಿ ಬಗ್ಗಿ ನೋಡಿದರು.

"ಹೊಟ್ಟೆ ಬಂದಿದೆ," ಎಂದರು.

ಮಗಳ ಮುಖ ಸಣ್ಣದಾಯಿತು. ಇವರು ಹತ್ತರಿ ತೆಗೆದುಕೊಂಡು ಅಂಚಿನ ನಡುಭಾಗ ಹೆರೆದರು, ನೋಡಿದರು, ಮತ್ತೆ ಹೆರೆದರು. ಕನ್ನಡಕದ ಅಂಗಡಿಯ ಹುಡುಗಿ ಹೇಳಿದ್ದು ನೆನಪಿದೆಯಾ ಎಂದು ನಾನು ಶುರು ಮಾಡಿದೆ. ಕಣ್ಣು ನನ್ನದು, ಕೆಲಸ ನನ್ನದು ಎಂದು ಬಾಯಿ ಮುಚ್ಚಿಸಿದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಡೊಂಕು ಕಂಡ ನೆಲವನ್ನೇ ಅಗೆದು ಹಾಕುವ ಗಂಡಸು. ಕಾಲಿನ ಹತ್ತಿರ ಮರದ ಸುರುಳಿ ರಾಶಿಯಾದ ಮೇಲೆ ಅಂಚು ಅವರ ಕಣ್ಣಿಗೆ ನೇರವಾಯಿತು. "ಕಳಿಸು" ಎಂದರು. ಮಗಳು ನನ್ನ ಮುಖ ನೋಡಿದಳು. ನಾನು ಪಾಲಿಶ್ ಬಟ್ಟೆ ನೋಡಿದೆ.

ಬಾಗಿಲು ಕೂರಿಸಿದ ಮರುದಿನ ಬೇಕರಿಯಾಕೆ ನಮ್ಮಿಬ್ಬರನ್ನೂ ಕರೆಸಿಕೊಂಡಳು. ನಮ್ಮನ್ನು ಈಚೆ ನಿಲ್ಲಿಸಿ, ಆಚೆ ಹೋಗಿ, ಬಾಗಿಲು ಹಾಕಿ ಚಿಲಕ ಸಿಕ್ಕಿಸಿದಳು. ಮುಚ್ಚಿದ ಬಾಗಿಲಿನ ಸಂದಿಯಿಂದ ಒಂದು ಬ್ರೆಡ್ ಚೂರು ಈಚೆ ಬಂತು. ಇವರು ಅದನ್ನು ಇಸಿದುಕೊಂಡರು. ಹಿಂದೆಯೇ ಇನ್ನೊಂದು ಬಂತು, ಅದು ಬೆಣ್ಣೆ ಹಚ್ಚಿದ್ದು. ನನಗೆ ನಗು ತಡೆಯಲಾಗದೆ ಸೆರಗು ಬಾಯಿಗಿಟ್ಟುಕೊಂಡೆ. ಇವರ ಮುಖ ನೋಡಿದ ಮೇಲೆ ನಗು ತಾನಾಗಿಯೇ ನಿಂತಿತು.

ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ, ಹೆರೆದ ಮರವೂ ಅಷ್ಟೇ. ಬೇರೆ ಬಾಗಿಲು ಮಾಡಿಕೊಡುತ್ತೇವೆಂದು ಒಪ್ಪಿಕೊಂಡು ಬಂದೆವು. ಅವತ್ತಿನಿಂದ ಇವರು ಶೆಡ್ಡಿಗಿಳಿಯಲಿಲ್ಲ. ಕನ್ನಡಕ ಮೂಗಿನ ಮೇಲೆ, ಕೈ ಮಡಿಲಲ್ಲಿ. ಅಂಥ ಜಗಳಗಂಟ ಗಂಡಸು ಹಾಗೆ ಸುಮ್ಮನೆ ಕೂತರೆ ಮನೆಯಲ್ಲಿ ಉಸಿರು ಕಟ್ಟುತ್ತದೆ. ಕೊನೆಗೆ ಹೊಲಿಗೆ ಡಬ್ಬ ತಂದು ಮುಂದಿಟ್ಟು, ತೊಗೊಳ್ಳಿ, ಹಳೆಯದನ್ನೇ ಹಾಕಿಕೊಳ್ಳಿ ಎಂದೆ. ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದರು.

"ಅದರಲ್ಲೂ ಕಾಣ್ತಿರ್ಲಿಲ್ಲ ಕಣೇ," ಎಂದರು. "ವರ್ಷದ ಮೇಲಾಯ್ತು, ಅಂಚು ಬರೀ ಮಂಜು ಮಂಜು. ಸುಮ್ನೆ ಬಗ್ಗಿ ಕಳಿಸು ಅಂತಿದ್ದೆ. ಅವಳು ಮಾಡಿದ್ದು ನೇರ ಇರ್ತಿತ್ತು, ಅದಕ್ಕೇ ನನ್ನ ಮರ್ಯಾದೆ ಉಳೀತು."

ಡಬ್ಬ ಎತ್ತಿಟ್ಟು, ಅವರು ಕೇಳದೆಯೇ ಕಾಫಿ ಮಾಡಿ ತಂದುಕೊಟ್ಟೆ. ಇದು ನನ್ನ ವಿಷಯದಲ್ಲಿ ಅಪರೂಪ.

ಕೆಳಗೆ ಮಗಳು ಹೊಸ ಬಾಗಿಲು ಶುರು ಮಾಡಿದಳು. ಮೇಲೆ ಇವರು ಹಟ ಹಿಡಿದು ಅಭ್ಯಾಸ ಮಾಡಿದರು. ಕೋಳಿಯ ಹಾಗೆ ಮೂಗು ತಿರುಗಿಸಿ ತಿರುಗಿಸಿ ಗೋಡೆ, ಕಿಟಕಿ, ಮಂಚದ ಕಾಲು, ನನ್ನ ಮುಖ, ಎಲ್ಲ ನೋಡಿದರು. ಮುಖದ ಬಗ್ಗೆ ಏನೂ ಹೇಳದೆ ಜಾಣತನ ತೋರಿಸಿದರು. ಒಂದು ಬೆಳಿಗ್ಗೆ ಕೂತಲ್ಲಿಂದಲೇ, ಗೋಡೆಯ ಮೇಲಿನ ಆ ಫೋಟೋ ಬಲಕ್ಕೆ ಒಂಚೂರು ವಾಲಿದೆ ಎಂದರು. ನಿಮ್ಮ ಕಣ್ಣು ವಾಲಿದೆ ಎಂದು ಹಂಗಿಸಿ, ಹಟಕ್ಕೆ ಶೆಡ್ಡಿನಿಂದ ರಸಮಟ್ಟ ತಂದು ಇಟ್ಟು ನೋಡಿದೆ. ಗುಳ್ಳೆ ಕೂದಲೆಳೆಯಷ್ಟು ಎಡಕ್ಕೆ ಸರಿದಿತ್ತು. ಫೋಟೋ ನಿಜವಾಗಿಯೂ ವಾಲಿತ್ತು.

ಅವತ್ತೇ ಬಾಗಿಲು ಸ್ಟ್ಯಾಂಡಿನ ಮೇಲೆ ಬಂತು. ಇವರು ಮೆಟ್ಟಿಲಿಳಿದರು, ಈ ಸಲ ಹಳ್ಳ ದಾಟಲಿಲ್ಲ. ಬಗ್ಗಿದರು, ಎಡಗಣ್ಣು ಮುಚ್ಚಿದರು, ಅಂಚಿನುದ್ದಕ್ಕೂ ನಿಧಾನವಾಗಿ ನೋಡಿ ಎದ್ದರು. ಮಗಳು ಕೈ ಕಟ್ಟಿಕೊಂಡು ಕಾಯುತ್ತಿದ್ದಳು.

"ಈ ದರಿದ್ರ ಕನ್ನಡಕದಲ್ಲಿ ಎಲ್ಲಾ ಸೊಟ್ಟ," ಎಂದರು. "ನೀನೇ ನೋಡಿ ಹೇಳು."

ಬೆಳಗಿನ ಫೋಟೋದ ಮಾತು ನನ್ನ ತುಟಿಯ ತನಕ ಬಂದಿತ್ತು. ನುಂಗಿಕೊಂಡೆ.

ಮಗಳು ಕೈ ಒರೆಸಿಕೊಂಡು ಬಗ್ಗಿದಳು. ಅಪ್ಪನಿಗಿಂತ ಹೆಚ್ಚು ಹೊತ್ತು ನೋಡಿದಳು.

"ಇನ್ನೂ ಕಳಿಸೋದು ಬೇಡ ಅಪ್ಪ. ಒಂದು ಕಡೆ ಒಂಚೂರು ಉಬ್ಬಿದೆ."

ಎಲ್ಲಿ ಎಂದು ಅವಳು ತೋರಿಸುವ ಮೊದಲೇ ಇವರ ಅಂಗೈ ಬೀಗದ ತೂತಿನ ಕೆಳಗೆ ಹೋಗಿ ಕೂತಿತ್ತು. ಉಬ್ಬಿದ್ದು ಅಲ್ಲೇ. ಮಗಳು ಆ ಕೈಯನ್ನು ನೋಡಿದಳು, ಆಮೇಲೆ ಅಪ್ಪನನ್ನು ನೋಡಿದಳು. ಇವರು ಗದ್ದ ಮೇಲೆ ಮಾಡಿ ಕಿಟಕಿಯಾಚೆ ಏನನ್ನೋ ನೋಡುತ್ತಾ ಹತ್ತರಿಯನ್ನು ಅವಳ ಕಡೆ ಚಾಚಿದರು.

ಅವಳು ಹಗುರವಾಗಿ ಹೆರೆದಳು. ಮತ್ತೆ ಬಗ್ಗಿ ನೋಡಿದಳು.

"ಕಳಿಸಿ," ಎಂದಳು.

ಇವರು ಏನೂ ಹೇಳಲಿಲ್ಲ. ನಮ್ಮ ಶೆಡ್ಡಿನಲ್ಲಿ ಆ ಮಾತು ಬಿದ್ದ ಮೇಲೆ ಯಾರೂ ಬಾಯಿ ತೆರೆಯುವಂತಿಲ್ಲ.